ಎಂಡೋಸ್ಕೋಪಿಗೂ ಸಿಗದ, ಕೊಲೊನೊಸ್ಕೋಪಿಗೂ ಸಿಗದ ಆ ಎರಡು ಇಂಚು

ಮಗುವಿಗೆ ಎರಡೋ ಮೂರೋ ವರ್ಷ. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಆಟಕ್ಕೂ ಕೊರತೆಯಿಲ್ಲ. ಒಂದು ಬೆಳಿಗ್ಗೆ ಮಲದ ಜೊತೆ ಕಡುಗೆಂಪು ರಕ್ತ ಹೋಗುತ್ತದೆ. ಉಷ್ಣ ಆಗಿರಬೇಕು ಎಂದು ಅಜ್ಜಿ ಎಳನೀರು ಕುಡಿಸುತ್ತಾರೆ. ಬಡಾವಣೆಯ ಕ್ಲಿನಿಕ್‌ನಲ್ಲಿ ಆಮಶಂಕೆ ಎಂದು ಆಂಟಿಬಯಾಟಿಕ್ ಸಿರಪ್ ಬರೆದುಕೊಡುತ್ತಾರೆ. ಎರಡು ದಿನದಲ್ಲಿ ರಕ್ತ ನಿಲ್ಲುತ್ತದೆ, ಔಷಧಿ ಹಿಡಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕೆಲವು ತಿಂಗಳ ಮೇಲೆ ಮತ್ತೆ ಅದೇ. ಈ ಸಲ ಮಗು ಬಿಳಿಚಿಕೊಂಡಿರುತ್ತದೆ, ಹಿಮೋಗ್ಲೋಬಿನ್ ಇಳಿದಿರುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಮಕ್ಕಳ ಸರ್ಜರಿ ವಿಭಾಗಕ್ಕೆ ಬರುವ ಹೊತ್ತಿಗೆ ಇಂಥ ಮಗುವಿನ ಫೈಲು ದಪ್ಪಗಾಗಿರುತ್ತದೆ. ಸ್ಕ್ಯಾನ್ ನಾರ್ಮಲ್, ಎಂಡೋಸ್ಕೋಪಿ ನಾರ್ಮಲ್, ಕೊಲೊನೊಸ್ಕೋಪಿಯೂ ನಾರ್ಮಲ್.

ಬಾಯಿಂದ ಹೋದ ಕೊಳವೆ ಸಣ್ಣ ಕರುಳಿನ ಆರಂಭದಲ್ಲೇ ನಿಲ್ಲುತ್ತದೆ. ಗುದದ್ವಾರದಿಂದ ಹೋದದ್ದು ದೊಡ್ಡ ಕರುಳು ಮುಗಿಸಿ, ಸಣ್ಣ ಕರುಳಿನ ಬಾಗಿಲು ದಾಟಿ ಸ್ವಲ್ಪ ದೂರ ಇಣುಕಬಹುದು, ಅಷ್ಟೇ. ನಡುವಿನ ಮೀಟರುಗಟ್ಟಲೆ ಕರುಳನ್ನು ಯಾರೂ ನೋಡಿರುವುದಿಲ್ಲ. ಆದರೂ ಎರಡೂ ತುದಿಯ 'ನಾರ್ಮಲ್' ಸೇರಿ ಇಡೀ ಕರುಳು ಸರಿಯಾಗಿದೆ ಎಂಬ ಅರ್ಥ ಮನೆಯವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಹುಟ್ಟಿನಿಂದಲೇ ಕರುಳಿಗೆ ಅಂಟಿಕೊಂಡಿರುವ ಮೆಕೆಲ್ಸ್ ಡೈವರ್ಟಿಕ್ಯುಲಮ್ ಎಂಬ ಸಣ್ಣ ಚೀಲ ಇರುವುದು ಆ ನಡುವೆಯೇ.

ಗರ್ಭದ ಮೊದಲ ವಾರಗಳಲ್ಲಿ ಭ್ರೂಣದ ಕರುಳಿಗೂ ಅದಕ್ಕೆ ಆಹಾರ ಒದಗಿಸುವ ಯೋಕ್ ಸ್ಯಾಕ್ ಎಂಬ ಚೀಲಕ್ಕೂ ಹೊಕ್ಕುಳಿನ ಮೂಲಕ ಒಂದು ಸಣ್ಣ ನಾಳವಿರುತ್ತದೆ. ಎರಡನೇ ತಿಂಗಳಲ್ಲಿ ಅದು ಕರಗಿಹೋಗಬೇಕು. ಕೆಲವರಲ್ಲಿ ಕರುಳಿನ ಕಡೆಯ ತುದಿ ಉಳಿದು, ಅಂಗಿಯ ಜೇಬಿನ ಹಾಗೆ ಒಂದು ಚೀಲವಾಗುತ್ತದೆ. 1598ರಲ್ಲಿ ಜರ್ಮನ್ ಸರ್ಜನ್ ಫ್ಯಾಬ್ರಿಷಿಯಸ್ ಹಿಲ್ಡಾನಸ್ ಇದನ್ನು ಗುರುತಿಸಿ ಬರೆದ. 1809ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಯೋಹಾನ್ ಫ್ರೆಡ್ರಿಕ್ ಮೆಕೆಲ್ ಇದು ಭ್ರೂಣದ ಆ ನಾಳದ ಉಳಿಕೆ ಎಂದು ವಿವರಿಸಿದ, ಹೆಸರು ಅವನದೇ ನಿಂತಿತು. ಮುಂದಿನ ನೂರೈವತ್ತು ವರ್ಷ ವೈದ್ಯರು ಇದನ್ನು ಕಂಡದ್ದು ಹೊಟ್ಟೆ ತೆರೆದಾಗ, ಇಲ್ಲವೇ ಮರಣೋತ್ತರ ಪರೀಕ್ಷೆಯಲ್ಲಿ.

ನಮ್ಮ ವೈದ್ಯ ವಿದ್ಯಾರ್ಥಿಗಳು ಇದನ್ನು 'ಎರಡರ ಸೂತ್ರ'ವಾಗಿ ಬಾಯಿಪಾಠ ಮಾಡುತ್ತಾರೆ: ಶೇ. 2ರಷ್ಟು ಜನರಲ್ಲಿ, ದೊಡ್ಡ ಕರುಳು ಸೇರುವ ಜಾಗದಿಂದ 2 ಅಡಿ ಹಿಂದೆ, 2 ಇಂಚು ಉದ್ದ, ತೊಂದರೆ ಕೊಟ್ಟರೆ ಹೆಚ್ಚಾಗಿ 2 ವರ್ಷದೊಳಗೆ. ಪರೀಕ್ಷೆಗೆ ಸೂತ್ರ ಅನುಕೂಲ. ಆದರೆ ಚೀಲ 2 ಅಡಿಗಿಂತ ದೂರದಲ್ಲೂ ಇರಬಹುದು, ಮೊದಲ ತೊಂದರೆ ನಲವತ್ತನೇ ವಯಸ್ಸಿನಲ್ಲೂ ಬರಬಹುದು. ಶೇ. 1 ಎಂದು ಹಿಡಿದರೂ, ಒಂದು ಕೋಟಿ ದಾಟಿದ ಬೆಂಗಳೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಇದನ್ನು ಹೊತ್ತು ಓಡಾಡುತ್ತಿದ್ದಾರೆ. ಬಹುತೇಕರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ.

ಆದಾಗ ಮಾತ್ರ ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಚೀಲ ಒಳಮಗ್ಗುಲಾಗಿ ಕರುಳಿನೊಳಗೆ ಕರುಳು ತೂರಿಕೊಳ್ಳಬಹುದು. ಚೀಲದಿಂದ ಹೊಕ್ಕುಳಿಗೆ ನಾರಿನೆಳೆ ಉಳಿದಿದ್ದರೆ ಅದರ ಸುತ್ತ ಕರುಳು ತಿರುಚಿಕೊಂಡು ರಕ್ತ ಸಂಚಾರವೇ ನಿಲ್ಲಬಹುದು. ಇದಾದರೆ ಗಂಟೆಗಳ ಲೆಕ್ಕ. ಚೀಲ ಊದಿಕೊಂಡರೆ ಥೇಟ್ ಅಪೆಂಡಿಸೈಟಿಸ್. ಹಾಗಾಗಿ ಅಪೆಂಡಿಕ್ಸ್ ಆಪರೇಷನ್ನಿಗೆಂದು ಒಳಹೊಕ್ಕಾಗ ಅಪೆಂಡಿಕ್ಸ್ ಚೆನ್ನಾಗಿಯೇ ಕಂಡರೆ, ಸರ್ಜನ್ ಅಲ್ಲಿಂದ ಸಣ್ಣ ಕರುಳನ್ನು ಹಿಂದಕ್ಕೆ ಗೇಣುಗೇಣಾಗಿ ಹಿಡಿದು ನೋಡುತ್ತಾ ಹೋಗಬೇಕು. ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ.

ಮಕ್ಕಳ ರಕ್ತಸ್ರಾವದ ಕಾರಣ ವಿಚಿತ್ರವಾದದ್ದು. ಚೀಲದ ಒಳಪದರದಲ್ಲಿ ಎಷ್ಟೋ ಸಲ ಜಠರದ ಅಂಗಾಂಶ ಸೇರಿಕೊಂಡಿರುತ್ತದೆ. ಅದು ಜಠರದಂತೆಯೇ ಆಮ್ಲ ಸುರಿಸುತ್ತದೆ. ಆಮ್ಲ ತಡೆಯಲಾರದ ಪಕ್ಕದ ಕರುಳು ಹುಣ್ಣಾಗಿ ರಕ್ತ ಒಸರುತ್ತದೆ.

ಈ ಗುಟ್ಟನ್ನೇ ಹಿಡಿದು 1970ರಲ್ಲಿ ಹೊಸ ಪರೀಕ್ಷೆಯೊಂದು ಬಂತು. ಟೆಕ್ನೀಷಿಯಂ-99ಎಂ ಪರ್‌ಟೆಕ್ನಿಟೇಟ್ ಎಂಬ ವಿಕಿರಣಶೀಲ ದ್ರವವನ್ನು ರಕ್ತನಾಳಕ್ಕೆ ಕೊಟ್ಟರೆ ಜಠರದ ಅಂಗಾಂಶ ಅದನ್ನು ಹೀರಿಕೊಳ್ಳುತ್ತದೆ. ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿಟ್ಟ ಮಗುವನ್ನು, ವಿಕಿರಣವನ್ನು ಚಿತ್ರವಾಗಿ ತೋರಿಸುವ ಗಾಮಾ ಕ್ಯಾಮೆರಾ ಕೆಳಗೆ ಅಲುಗಾಡದಂತೆ ಮಲಗಿಸುತ್ತಾರೆ. ಅಮ್ಮ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಏನಾದರೂ ತೋರಿಸುತ್ತಾ ಸಮಾಧಾನ ಮಾಡಬೇಕು. ಪರದೆಯ ಮೇಲೆ ಮೊದಲು ಜಠರ ತುಂಬಿಕೊಳ್ಳುತ್ತದೆ, ನಿಧಾನಕ್ಕೆ ಮೂತ್ರಕೋಶ. ಜಠರ ಮೂಡುವ ಹೊತ್ತಿಗೇ ಕಿಬ್ಬೊಟ್ಟೆಯಲ್ಲಿ, ಸಾಮಾನ್ಯವಾಗಿ ಬಲಗಡೆ, ಒಂದು ಚುಕ್ಕೆ ಮೂಡಿ ಜಠರದ ಜೊತೆಜೊತೆಗೇ ಗಾಢವಾಗುತ್ತಾ ಹೋದರೆ ಉತ್ತರ ಸಿಕ್ಕಂತೆ. ಹೊಟ್ಟೆ ಕೊಯ್ಯದೆ ಇದನ್ನು ಕಾಣುವುದು ಅಂದಿನ ವೈದ್ಯರಿಗೆ ದೊಡ್ಡ ಬಿಡುಗಡೆ.

ಗೋಜಲು ಶುರುವಾದದ್ದೂ ಇಲ್ಲಿಂದಲೇ. ಈ ಸ್ಕ್ಯಾನ್ ಕಾಣುವುದು ಚೀಲವನ್ನಲ್ಲ, ಅದರೊಳಗಿನ ಜಠರದ ಅಂಗಾಂಶವನ್ನು. ಅಂಗಾಂಶ ಇಲ್ಲದಿದ್ದರೆ, ಇದ್ದೂ ಸ್ವಲ್ಪವೇ ಇದ್ದರೆ, ಅಥವಾ ತುಂಬಿದ ಮೂತ್ರಕೋಶದ ಹಿಂದೆ ಮರೆಯಾಗಿದ್ದರೆ ಚುಕ್ಕೆ ಮೂಡುವುದಿಲ್ಲ. ಮಕ್ಕಳಲ್ಲಿ ಸುಮಾರು ಶೇ. 85ರಷ್ಟು ನಿಖರವಾಗಿ ಹಿಡಿಯುವ ಪರೀಕ್ಷೆ ದೊಡ್ಡವರಲ್ಲಿ ಶೇ. 60ರ ಆಸುಪಾಸಿಗೆ ಇಳಿಯುತ್ತದೆ. ಕರುಳು ಕಟ್ಟಿಕೊಂಡವರಿಗಂತೂ ಇದರಿಂದ ಉಪಯೋಗವಿಲ್ಲ. ಮೇಲಾಗಿ ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ, ಅಂದರೆ ಅಷ್ಟರಲ್ಲೇ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಅಂಗಡಿಯಿಂದ ತಂದಿಟ್ಟುಕೊಳ್ಳುವ ಸರಕಲ್ಲ, ಟೆಕ್ನೀಷಿಯಂ ತಯಾರಿಸಿಕೊಳ್ಳುವ ಜನರೇಟರ್ ಮತ್ತು ಪರವಾನಗಿ ಇರುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವೇ ಬೇಕು. ತುಮಕೂರು, ಕೋಲಾರದ ಕಡೆಯ ಎಷ್ಟೋ ಮಕ್ಕಳು ಬೆಂಗಳೂರಿಗೆ ಬಂದೇ ಈ ಸ್ಕ್ಯಾನ್ ಮಾಡಿಸಬೇಕಾಗುವುದು ಇದಕ್ಕೇ. ಅಷ್ಟು ದೂರ ಬಂದು ಸಿಕ್ಕ 'ನೆಗೆಟಿವ್' ವರದಿಗೆ ಅದರ ಯೋಗ್ಯತೆ ಮೀರಿದ ತೂಕ ಬರುವುದು ಸಹಜ. ಆದರೆ ಎರಡನೇ ಸಲವೂ ನೋವಿಲ್ಲದೆ ರಕ್ತ ಹೋಗಿ ಹಿಮೋಗ್ಲೋಬಿನ್ ಕುಸಿದ ಮಗುವನ್ನು, ಸ್ಕ್ಯಾನ್ ಬರಿದಾಗಿದೆ ಎಂಬ ಒಂದೇ ಕಾರಣಕ್ಕೆ ಐರನ್ ಟಾನಿಕ್ ಕೊಟ್ಟು ಮನೆಗೆ ಕಳಿಸಬಾರದು. ಸ್ಕ್ಯಾನ್ ಮತ್ತೊಮ್ಮೆ ಮಾಡಬಹುದು. ಹೊಟ್ಟೆಯ ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸುವ ಲ್ಯಾಪರೋಸ್ಕೋಪಿಯಲ್ಲಿ ಕಣ್ಣಾರೆ ನೋಡಿಬಿಡಬಹುದು. ಸಿಕ್ಕರೆ, ಹೊಕ್ಕುಳಿನ ಸಣ್ಣ ಸೀಳಿನಿಂದಲೇ ಆ ಭಾಗದ ಕರುಳನ್ನು ಹೊರಗೆಳೆದು ಚೀಲವನ್ನೂ ಪಕ್ಕದ ಹುಣ್ಣನ್ನೂ ತೆಗೆದು ಹೊಲಿದು ಒಳಗೆ ಬಿಡುತ್ತಾರೆ.

2001ರ ಸುಮಾರಿಗೆ ಬಂದ ಕ್ಯಾಪ್ಸೂಲ್ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಗುಳಿಗೆ ನುಂಗುವುದು), ಡಬಲ್ ಬಲೂನ್ ಎಂಟೆರೊಸ್ಕೋಪಿ (ಬಲೂನುಗಳ ನೆರವಿನಿಂದ ಕೊಳವೆಯನ್ನು ಸಣ್ಣ ಕರುಳಿನ ಆಳಕ್ಕೆ ಸಾಗಿಸುವುದು) ದೊಡ್ಡವರಿಗೆ ನೆರವಾಗಿವೆ. ಪುಟ್ಟ ಮಕ್ಕಳಿಗೆ ಅವು ಅಷ್ಟು ಸುಲಭವಲ್ಲ.

ಬಗೆಹರಿಯದ ಇನ್ನೊಂದು ಪ್ರಶ್ನೆ: ಬೇರೇನಕ್ಕೋ ಹೊಟ್ಟೆ ತೆರೆದಾಗ ತಣ್ಣಗಿರುವ ಚೀಲ ಕಂಡರೆ ತೆಗೆಯಬೇಕೇ? ಜೀವಮಾನದಲ್ಲಿ ಅದು ತೊಂದರೆ ಕೊಡುವ ಸಾಧ್ಯತೆ ಶೇ. 4.2 ಎಂದು 1976ರ ಅಧ್ಯಯನ ಹೇಳಿತು, ಶೇ. 6.4 ಎಂದು 1994ರದ್ದು. ತೆಗೆದವರಲ್ಲಿ ಶೇ. 5.3ರಷ್ಟು ಜನರಿಗೆ, ಬಿಟ್ಟವರಲ್ಲಿ ಶೇ. 1.3ರಷ್ಟು ಜನರಿಗೆ ಮಾತ್ರ ತೊಂದರೆಯಾಯಿತೆಂದು 2008ರ ವಿಶ್ಲೇಷಣೆ ತೋರಿಸಿತು. ಒಂದು ಸಾವು ತಪ್ಪಿಸಲು 758 ಮಂದಿಗೆ ಈ ಶಸ್ತ್ರಚಿಕಿತ್ಸೆ ಮಾಡಬೇಕೆಂಬುದು ಅದರ ಲೆಕ್ಕ. ವಯಸ್ಸು ಚಿಕ್ಕದು, ಗಂಡು, ಚೀಲ ಉದ್ದ, ಮುಟ್ಟಿದರೆ ಒಳಗೆ ಗಟ್ಟಿ ಎಂದಾದರೆ ತೆಗೆಯುವ ಕಡೆಗೆ ಹಲವರು ವಾಲುತ್ತಾರೆ.

ತೆಗೆಯದೆ ಬಿಟ್ಟರೆ ಅದನ್ನು ಮನೆಯವರಿಗೆ ಹೇಳಬೇಕು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಯಲೂಬೇಕು. ಮುಂದೊಂದು ರಾತ್ರಿ ಅದೇ ವ್ಯಕ್ತಿ ವಾಂತಿ, ಹೊಟ್ಟೆಯುಬ್ಬರ ಎಂದು ಬೇರೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಾಗ, ಸಿ.ಟಿ. ಸ್ಕ್ಯಾನ್ ಓದುವವರು ಎಲ್ಲಿ ಹುಡುಕಬೇಕೆಂದು ಹೇಳುವುದು ಆ ಒಂದು ಸಾಲು.