ಕಿವಿಯ ಬಾಗಿಲು ಇರುವುದು ಮೂಗಿನ ಹಿಂದೆ

ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದೆ. ಹದಿನೈದು ದಿನ ಬಿಟ್ಟು ಬಂದವರು "ಏನೂ ಪ್ರಯೋಜನ ಆಗಲಿಲ್ಲ ಡಾಕ್ಟ್ರೇ, ಕಿವಿ ಹಾಗೇ ಗುಂಯ್ ಅಂತಿದೆ" ಎಂದರು. ಹೇಗೆ ಹಾಕಿಕೊಂಡಿರಿ ಎಂದು ಕೇಳಿದೆ. ತಲೆ ಓರೆ ಮಾಡಿ ತೋರಿಸಿದರು. ದಿನಕ್ಕೆ ಎರಡು ಸಲ, ಕಿವಿಯೊಳಗೆ! ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕಿವಿ ಕಟ್ಟಿದೆ ಅಂತ ಬಂದವರಿಗೆ ಮೂಗಿಗೆ ಔಷಧಿ ಯಾಕೆ ಎಂದು ನಾನು ಒಂದು ಮಾತೂ ಹೇಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಗಾದೆ ಅವರಿಗೂ ಗೊತ್ತು. ಹಾಗಾಗದಿರಲಿ ಅಂತ ನನ್ನ ಚೀಟಿಯನ್ನು ಅವರೇ ತಿದ್ದಿಕೊಂಡಿದ್ದರು, ಅಷ್ಟೇ.

ಅವರಾದರೂ ವಾಸಿ. ನೆಗಡಿಯಾದಾಗ ಕಿವಿ ಕಟ್ಟಿಕೊಂಡು ಬರುವವರಲ್ಲಿ ಬಹಳಷ್ಟು ಜನ ಮನೆಯಲ್ಲೇ ಎಲ್ಲ ಪ್ರಯೋಗ ಮುಗಿಸಿ ಬಂದಿರುತ್ತಾರೆ. ಹತ್ತಿ ಕಡ್ಡಿ ಹಾಕಿ ತಿರುವಿರುತ್ತಾರೆ, ಎಣ್ಣೆ ಬಿಟ್ಟಿರುತ್ತಾರೆ, ಯಾವಾಗಲೋ ಯಾರಿಗೋ ಕೊಟ್ಟ ಡ್ರಾಪ್ಸ್ ಹುಡುಕಿ ಅದನ್ನೂ ಹಾಕಿರುತ್ತಾರೆ. ನಾನು ನೋಡಿ "ಗುಗ್ಗೆ ಇಲ್ಲ, ಕಿವಿ ಚೊಕ್ಕಟವಾಗಿದೆ" ಅಂದರೆ ನಂಬುವುದಿಲ್ಲ. "ಇನ್ನೊಂದು ಸಲ ಸರಿಯಾಗಿ ನೋಡಿ, ಒಳಗೆ ಏನೋ ಇದೆ." ಇನ್ನೊಂದು ಸಲವೂ ನೋಡುತ್ತೇನೆ. ಅದೇ ಚೊಕ್ಕಟ ಕಿವಿ.

ಒಳಗೆ ಏನೋ ಆಗಿದೆ ಅನ್ನೋದು ನಿಜ. ಆದರೆ ಆ ಒಳಗು ನೀವು ಅಂದುಕೊಂಡ ಒಳಗಲ್ಲ.

ಬೆರಳು ಹಾಕುವ ಆ ತೂತು ಸುಮಾರು 2.5 ಸೆಂಟಿಮೀಟರ್ ಹೋಗಿ ಒಂದು ಗೋಡೆಗೆ ಮುಗಿಯುತ್ತದೆ. ಅದೇ ಕಿವಿ ತಮಟೆ. ಅಗಲ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ತೆಳ್ಳಗಿದ್ದರೂ ಗೋಡೆ ಗೋಡೆಯೇ. ತಮಟೆ ಸರಿಯಿದ್ದರೆ ಎಣ್ಣೆ ಅದನ್ನು ದಾಟುವುದಿಲ್ಲ, ಡ್ರಾಪ್ಸೂ ದಾಟುವುದಿಲ್ಲ. ನೀವು ಹಾಕಿದ್ದೆಲ್ಲ ಹೊರಗಿನ ಓಣಿಯಲ್ಲೇ ಉಳಿಯುತ್ತದೆ. ತಮಟೆಯಲ್ಲಿ ತೂತಿದ್ದರೆ ಮಾತ್ರ ಒಳಗೆ ಹೋಗುತ್ತದೆ, ಮತ್ತು ಆಗಲೇ ಕಂಡ ಕಂಡದ್ದು ಹಾಕಬಾರದು. ತೂತಿದೆಯೋ ಇಲ್ಲವೋ ಅನ್ನೋದು ಮನೆಯಲ್ಲಿ ಕೂತು ಗೊತ್ತಾಗುವ ವಿಷಯ ಅಲ್ಲ, ಅದಕ್ಕೇ ನಾವು ಬೇಡ ಬೇಡ ಅಂತ ಬಡಿದುಕೊಳ್ಳೋದು.

ಗೋಡೆಯ ಆಚೆ ಇರುವ ಪುಟ್ಟ ಕೋಣೆಯೇ ನಡುಗಿವಿ. ಅಲ್ಲಿ ಗಾಳಿ ತುಂಬಿರಬೇಕು. ಆ ಗಾಳಿ ಹೊರಕಿವಿಯಿಂದ ಬರುವುದಿಲ್ಲ, ನಡುವೆ ಗೋಡೆ ಇದೆಯಲ್ಲ. ಬರುವುದು ಮೂಗಿನ ಹಿಂದಿನಿಂದ. ಮೂಗು ಗಂಟಲಿಗೆ ಸೇರುವ ಜಾಗದಲ್ಲಿ, ಕಿರುನಾಲಗೆಯ ಮೇಲುಗಡೆ, ಎರಡೂ ಪಕ್ಕ ಒಂದೊಂದು ಬಾಯಿ ಇದೆ. ಅಲ್ಲಿಂದ ಸುಮಾರು 3.5 ಸೆಂಟಿಮೀಟರ್ ಉದ್ದದ ನಾಳವೊಂದು ನಡುಗಿವಿಗೆ ಹೋಗುತ್ತದೆ. 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯುಸ್ತಾಕಿ ಇದನ್ನು ವಿವರಿಸಿದ್ದರಿಂದ ಯೂಸ್ಟೇಷಿಯನ್ ನಾಳ ಅನ್ನುತ್ತೇವೆ. ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಬಾಯಿಯ ಮೇಲ್ಭಾಗದ ಅಂಗುಳಿನ ಸ್ನಾಯು ಅದನ್ನು ಎಳೆದು ಒಂದು ಕ್ಷಣ ತೆರೆಯುತ್ತದೆ. ಆಗ ಬರುವ ಸಣ್ಣ ಟಕ್ ಸದ್ದನ್ನು ಗಮನಿಸಿದ್ದೀರಲ್ವಾ? ಅದೇ ಬಾಗಿಲ ಸದ್ದು. ಯಾವಾಗಲೂ ತೆರೆದೇ ಇದ್ದರೆ ಚೆನ್ನಾಗಿತ್ತು ಅನ್ನಬೇಡಿ. ಕೆಲವರಿಗೆ ಹಾಗಾಗುತ್ತದೆ. ತಮ್ಮ ಮಾತು, ತಮ್ಮ ಉಸಿರು ತಮ್ಮ ಕಿವಿಯಲ್ಲೇ ಗವಿಯಲ್ಲಿ ಕೂಗಿದ ಹಾಗೆ ಕೇಳಿ ರೋಸಿಹೋಗಿರುತ್ತಾರೆ.

ಈಗ ನೆಗಡಿ ಬಂತು ಅನ್ನಿ. ಮೂಗಿನ ಹಿಂಭಾಗ ಊದಿಕೊಂಡು ನಾಳದ ಬಾಯಿಯೂ ಬಿಗಿಯುತ್ತದೆ. ಕೋಣೆಯಲ್ಲಿದ್ದ ಗಾಳಿಯನ್ನು ಅದರ ಒಳಪದರ ಮೆಲ್ಲಗೆ ಹೀರಿಕೊಳ್ಳುತ್ತಲೇ ಇರುತ್ತದೆ, ಹೊಸ ಗಾಳಿ ಬರುವುದಿಲ್ಲ, ಒಳಗಿನ ಒತ್ತಡ ಇಳಿದು ತಮಟೆ ಒಳಕ್ಕೆ ಜಗ್ಗಿಕೊಳ್ಳುತ್ತದೆ. ಇದೇ ನಿಮ್ಮ "ಕಿವಿ ಕಟ್ಟಿದೆ". ಏನೋ ತುಂಬಿಕೊಂಡ ಹಾಗೆ ಅನ್ನಿಸುತ್ತದೆ, ನಿಜವಾಗಿ ಆಗಿರುವುದು ಗಾಳಿಯ ಕೊರತೆ. ಹೀಗೇ ಮುಂದುವರಿದರೆ ಆಮೇಲೆ ದ್ರವವೂ ಸೇರಿಕೊಳ್ಳುತ್ತದೆ. ಆದರೆ ಅದೂ ಗೋಡೆಯ ಆಚೆಗೇ, ನಿಮ್ಮ ಹತ್ತಿ ಕಡ್ಡಿಗೆ ಸಿಗದ ಕಡೆ.

ಗಾಳಿಗೆ ಇಷ್ಟು ಒದ್ದಾಟ ಯಾಕೆ? ನಡುಗಿವಿಯ ಆಚೆ, ಸದ್ದನ್ನು ಗ್ರಹಿಸುವ ಒಳಗಿವಿಯಲ್ಲಿ ಇರುವುದು ದ್ರವ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದು ವಾಪಸ್. ನೀರಿನಲ್ಲಿ ಮುಳುಗಿದವರಿಗೆ ದಡದಲ್ಲಿದ್ದವರ ಕೂಗು ಕೇಳಿಸದಿರುವುದು ಇದಕ್ಕೇ. ಈ ನಷ್ಟ ತುಂಬಲು ನಡುಗಿವಿಯಲ್ಲಿ ಮೂರು ಮೂಳೆಗಳ ಸರಪಳಿ ಇದೆ: ಸುತ್ತಿಗೆ, ಅಡಿಗಲ್ಲು, ರಿಕಾಪು (ಕುದುರೆ ಸವಾರ ಕಾಲಿಡುವ ಕೊಂಡಿಯ ಆಕಾರದ್ದು). ದೊಡ್ಡ ತಮಟೆಯ ಮೇಲೆ ಬಿದ್ದ ಬಲವನ್ನು ಇವು ರಿಕಾಪಿನ ಪುಟ್ಟ ಪಾದದ ಮೇಲೆ ತಂದು ಒತ್ತುತ್ತವೆ. ಆ ಪಾದದ ವಿಸ್ತೀರ್ಣ 3 ಚದರ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಲುಗಾಡುವ ತಮಟೆ ಅದರ ಸುಮಾರು 17 ಪಟ್ಟು. ಮೂಳೆಗಳ ಸನ್ನೆಕೋಲಿನಿಂದ ಇನ್ನೊಂದು 1.3 ಪಟ್ಟು. ಒಟ್ಟು ಒತ್ತಡ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ನನಗೆ ಇದನ್ನು ಎಷ್ಟು ಸಲ ಹೇಳಿದರೂ ಬೇಜಾರಾಗುವುದಿಲ್ಲ. ರಿಕಾಪು ಇಡೀ ದೇಹದಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಆಪರೇಷನ್ ಮಾಡುವಾಗ ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡಿದರೆ ಇಷ್ಟು ವರ್ಷದ ಮೇಲೂ ಕೈ ಒಂದು ಕ್ಷಣ ನಿಲ್ಲುತ್ತದೆ. ಈ ಸರಪಳಿ ಸಲೀಸಾಗಿ ಅಲುಗಾಡಬೇಕಾದರೆ ತಮಟೆಯ ಎರಡೂ ಕಡೆ ಒತ್ತಡ ಸಮ ಇರಬೇಕು. ಅದಕ್ಕೇ ಆ ನಾಳ.

"ಸರಿ, ಆದರೆ ಕಿವಿಗೂ ಗಂಟಲಿಗೂ ಯಾಕೆ ಗಂಟು ಹಾಕಿದ್ದು?" ಎಂದು ಒಬ್ಬ ಹುಡುಗಿ ಕೇಳಿದಳು. ಹನ್ನೆರಡು ವರ್ಷ ಇರಬಹುದು. ಆ ದಿನ ಕೇಳಿದ ಒಂದೇ ಒಂದು ಒಳ್ಳೆ ಪ್ರಶ್ನೆ. ಉತ್ತರ ಏನೆಂದರೆ, ಗಂಟು ಯಾರೂ ಹಾಕಲಿಲ್ಲ. ನಡುಗಿವಿ ಹುಟ್ಟಿದ್ದೇ ಗಂಟಲ ಕಡೆಯಿಂದ. ಭ್ರೂಣದಲ್ಲಿ ಗಂಟಲ ಪಕ್ಕ ಚೀಲದಂತೆ ಉಬ್ಬುವ ಭಾಗವೇ ಬೆಳೆದು ನಾಳವೂ ನಡುಗಿವಿಯ ಕೋಣೆಯೂ ಆಗುತ್ತದೆ. ಮೀನುಗಳಲ್ಲಿ ಈ ಜಾಗದಲ್ಲಿ ಕಿವಿರುಗಳ ಸಾಲು. ಶಾರ್ಕ್, ತೊರಕೆ ಮೀನುಗಳ ಕಣ್ಣಿನ ಹಿಂದೆ ಕಾಣುವ ಸಣ್ಣ ರಂಧ್ರ ಇದೇ ಚೀಲದಿಂದ ಬಂದದ್ದು. ಹೊರಗಿನ ಓಣಿ ಮಾತ್ರ ಚರ್ಮದ ಕಡೆಯಿಂದ ಒಳಕ್ಕೆ ಕುಸಿದು ಬಂದದ್ದು. ಎರಡೂ ಎದುರಾಗುವ ಗಡಿಯೇ ತಮಟೆ. ಹೊರಮುಖ ಚರ್ಮದ್ದು, ಒಳಮುಖ ಗಂಟಲಿನ ನೆಂಟ.

ಮೂಳೆಗಳ ಕಥೆ ಇನ್ನೂ ವಿಚಿತ್ರ. ರಿಕಾಪು ಮೀನಿನಲ್ಲಿ ದವಡೆಗೆ ಆಸರೆಯಾಗಿದ್ದ ಮೂಳೆ. ಹಲ್ಲಿ, ಹಕ್ಕಿಗಳಿಗೆ ಇವತ್ತಿಗೂ ನಡುಗಿವಿಯಲ್ಲಿ ಅದೊಂದೇ. ಸುತ್ತಿಗೆ, ಅಡಿಗಲ್ಲು ಎರಡೂ ಸರೀಸೃಪಗಳ ದವಡೆಯ ಕೀಲಿನ ಮೂಳೆಗಳು. ಸಸ್ತನಿಗಳ ಪೂರ್ವಜರಲ್ಲಿ ಬೇರೆ ಕಡೆ ಹೊಸ ಕೀಲು ಬಂತು, ಹಳೆಯವು ಸಣ್ಣದಾಗುತ್ತಾ ಕಿವಿಗೆ ಸೇರಿಕೊಂಡವು. 1837ರಲ್ಲೇ, ಅಂದರೆ ಡಾರ್ವಿನ್ ಪುಸ್ತಕ ಬರುವ 22 ವರ್ಷ ಮೊದಲೇ, ಜರ್ಮನಿಯ ಕಾರ್ಲ್ ರೈಕರ್ಟ್ ಭ್ರೂಣಗಳನ್ನು ನೋಡಿ ಇದನ್ನು ಹೇಳಿದ. ಆಮೇಲೆ ಪಳೆಯುಳಿಕೆಗಳೂ ಸಿಕ್ಕವು. ಸುಮಾರು 20 ಕೋಟಿ ವರ್ಷ ಹಿಂದಿನ ಮಾರ್ಗನುಕೊಡಾನ್ ಎಂಬ ಪುಟ್ಟ ಪ್ರಾಣಿಯ ದವಡೆಗೆ ಹಳೆ ಕೀಲು, ಹೊಸ ಕೀಲು ಎರಡೂ ಇದ್ದವು. ನಮ್ಮಲ್ಲೂ ಗುರುತು ಉಳಿದಿದೆ. ಸುತ್ತಿಗೆಯನ್ನು ಎಳೆಯುವ ಸ್ನಾಯುವಿಗೆ ಬರುವ ನರ ಯಾವುದು ಅಂದುಕೊಂಡಿರಿ? ಅಗಿಯುವ ಸ್ನಾಯುಗಳ ನರವೇ. ಹಲ್ಲುನೋವು, ದವಡೆ ಕೀಲಿನ ನೋವನ್ನು "ಕಿವಿನೋವು" ಅಂತ ಹಿಡಿದುಕೊಂಡು ಬರುವವರೂ ಬಹಳ. ಅಲ್ಲೂ ಕಿವಿಯೊಳಗೆ ಏನೂ ಇರುವುದಿಲ್ಲ, ಹತ್ತಿರದ ನರಗಳು ಸುಮ್ನೆ ವಿಳಾಸ ತಪ್ಪಿಸುತ್ತವೆ.

ಮಕ್ಕಳ ವಿಷಯ ಬೇರೆ. ಅವರ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ, ಪಕ್ಕದಲ್ಲೇ ಊದಿದ ಅಡಿನಾಯ್ಡ್ (ಮೂಗಿನ ಹಿಂದಿರುವ ಟಾನ್ಸಿಲ್‌ನಂಥ ಗಡ್ಡೆ). ಹಾಗಾಗಿ ನಡುಗಿವಿಯಲ್ಲಿ ಗೋಂದಿನಂಥ ದ್ರವ ನಿಲ್ಲುತ್ತದೆ. ನೋವಿರುವುದಿಲ್ಲ, ಮಗು ಕರೆದರೆ ತಿರುಗುವುದಿಲ್ಲ, ಟಿವಿ ಜೋರಾಗಿ ಇಟ್ಟುಕೊಳ್ಳುತ್ತದೆ, ಮನೆಯವರು "ಹಟ" ಅನ್ನುತ್ತಾರೆ. ಹೆಚ್ಚಿನವರಿಗೆ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ, ಅದಕ್ಕೇ ನಾವು ಕಾಯುತ್ತೇವೆ. ಇಳಿಯದೆ ಮಗುವಿಗೆ ಸರಿಯಾಗಿ ಕೇಳಿಸದಿದ್ದರೆ ತಮಟೆಯಲ್ಲಿ ಸಣ್ಣ ಕೊಳವೆ, ಗ್ರೊಮೆಟ್, ಕೂರಿಸುವ ಮಾತು ಬರುತ್ತದೆ. 1954ರಿಂದ ಚಾಲ್ತಿಗೆ ಬಂದ ವಿಧಾನ. ಒಬ್ಬ ತಂದೆ "ಕೇಳಿಸಲ್ಲ ಅಂತ ಬಂದರೆ ಕಿವಿಗೆ ತೂತು ಮಾಡ್ತೀನಿ ಅಂತೀರಲ್ಲ" ಎಂದು ಎದ್ದೇಬಿಟ್ಟಿದ್ದರು. ಬಾಗಿಲು ತೆರೆಯದ ಕೋಣೆಗೆ ಕಿಟಕಿ ಇಡುತ್ತಿದ್ದೇವೆ, ಬಾಗಿಲು ಸರಿಹೋದ ಮೇಲೆ ಕಿಟಕಿ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ ಅಂದೆ. ಕೂತರು.

ಹಾಗಾದರೆ ಏನು ಮಾಡಬೇಕು? ನೆಗಡಿ ಜೊತೆ ಕಟ್ಟಿದ ಕಿವಿ ಸಾಮಾನ್ಯವಾಗಿ ನೆಗಡಿ ಹೋದ ಮೇಲೆ ಕೆಲವು ದಿನಗಳಲ್ಲಿ ಬಿಡುತ್ತದೆ. ನುಂಗಿ, ಆಕಳಿಸಿ, ಏನಾದರೂ ಅಗಿಯಿರಿ. ಮೂಗು ಹಿಡಿದು ಜೋರಾಗಿ ಊದಬೇಡಿ, ಮೂಗಿನಲ್ಲಿದ್ದ ಸೋಂಕು ಕಿವಿಗೆ ಹೋಗಬಹುದು. ಜ್ವರ, ಜೋರು ನೋವು, ಕಿವಿ ಸೋರುವುದು ಇದ್ದರೆ ತೋರಿಸಿ. ದೊಡ್ಡವರಿಗೆ ಒಂದೇ ಕಿವಿ ವಾರಗಟ್ಟಲೆ ಕಟ್ಟಿಕೊಂಡೇ ಇದ್ದರೆ ಮೂಗಿನ ಹಿಂದೆ ನಾಳದ ಬಾಯಿಗೆ ಏನಾದರೂ ಅಡ್ಡ ಬೆಳೆದಿದೆಯೋ ಎಂದು ಎಂಡೋಸ್ಕೋಪ್ (ಮೂಗಿನೊಳಗೆ ಹಾಕಿ ನೋಡುವ ತೆಳು ದುರ್ಬೀನು) ಹಾಕಿ ನೋಡಲೇಬೇಕು. ಹೆಚ್ಚಿನ ಸಲ ಏನೂ ಇರುವುದಿಲ್ಲ, ಆದರೂ ನೋಡಬೇಕು.

ಇನ್ನು ನೆಗಡಿಯಿಲ್ಲ, ಏನಿಲ್ಲ, ಬೆಳಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಮಂದ ಅನ್ನಿಸಿದರೆ ಅದು ನಡುಗಿವಿಯ ತೊಂದರೆ ಆಗಿರಲಿಕ್ಕಿಲ್ಲ, ಒಳಗಿವಿಯ ನರದ್ದಾಗಿರಬಹುದು. ಅದಕ್ಕೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎಣ್ಣೆ ಬಿಟ್ಟು ಎರಡು ವಾರ ಕಾದು ಬಂದವರನ್ನು ನೋಡಿದರೆ ಸಿಟ್ಟಲ್ಲ, ಸಂಕಟ ಆಗುತ್ತದೆ. ಅಂಥವರು ಅವತ್ತೇ ಫೋನ್ ಮಾಡಿದರೆ ಟೋಕನ್ ನೋಡದೆ ಒಳಗೆ ಕಳಿಸಿ ಎಂದು ನಮ್ಮ ರಿಸೆಪ್ಶನ್‌ನಲ್ಲಿ ಹೇಳಿಟ್ಟಿದ್ದೇನೆ.