ಬಟನ್ ಬಿಟ್ಟರೂ ನೌಕೆ ನಿಲ್ಲುವುದಿಲ್ಲ, ಏಕೆ?

ಪ್ರಶ್ನೆ: ಒಂದೇ ಪರದೆಯ ಮುಂದೆ ಇಬ್ಬರು ಕೂತು ಆಡುವ ಬಾಹ್ಯಾಕಾಶ ಕಾಳಗದ ಆಟವೊಂದನ್ನು ತಮ್ಮನ ಜೊತೆ ಆಡುತ್ತಿದ್ದೇನೆ. ಥ್ರಸ್ಟ್ ಬಟನ್ ಬಿಟ್ಟರೂ ನನ್ನ ನೌಕೆ ಜಾರುತ್ತಲೇ ಹೋಗುತ್ತದೆ, ಕೊನೆಗೆ ನಡುವಿನ ನಕ್ಷತ್ರಕ್ಕೆ ಬಿದ್ದು ಸುಟ್ಟುಹೋಗುತ್ತದೆ. ಬ್ರೇಕ್ ಏಕೆ ಕೊಟ್ಟಿಲ್ಲ? ಆಟದಲ್ಲೇ ಏನಾದರೂ ದೋಷವಿದೆಯೇ?

ಉತ್ತರ: ದೋಷವೇನಿಲ್ಲ. ಬ್ರೇಕ್ ಕೊಟ್ಟಿದ್ದರೆ ಈ ಆಟದಲ್ಲಿ ಗುಂಡು ಹಾರಿಸುವುದು ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ.

ನೆಲದ ಮೇಲೆ ಓಡುವ ಗಾಡಿಯನ್ನು ಘರ್ಷಣೆ ನಿಲ್ಲಿಸುತ್ತದೆ, ವಿಮಾನಕ್ಕೆ ಗಾಳಿ ಅಡ್ಡ ಬರುತ್ತದೆ. ಬಾಹ್ಯಾಕಾಶದಲ್ಲಿ ಎರಡೂ ಇಲ್ಲ. ಬಲ ಬೀಳದ ಹೊರತು ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂಬ ನ್ಯೂಟನ್ನನ ಮೊದಲ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ. ಪ್ರೋಗ್ರಾಮ್ ಮಾಡುವ ಕೆಲಸವೂ ಅಷ್ಟೇ ಸರಳ. ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಚಿತ್ರ ಬದಲಾಗುವ ಪ್ರತಿ ಸಲವೂ, ನೌಕೆಯ ಈಗಿನ ಜಾಗಕ್ಕೆ ಅದರ ವೇಗವನ್ನು ಕೂಡಿಸಿ ಹೊಸ ಜಾಗ ಲೆಕ್ಕ ಹಾಕುತ್ತದೆ. ನೀವು ಥ್ರಸ್ಟ್ ಒತ್ತಿದ್ದರೆ, ಮೂತಿ ಇರುವ ದಿಕ್ಕಿನಲ್ಲಿ ವೇಗಕ್ಕೆ ಇನ್ನಷ್ಟು ಸೇರಿಸುತ್ತದೆ. ಒತ್ತದಿದ್ದರೆ ಏನೂ ಸೇರಿಸುವುದಿಲ್ಲ. ಇರುವ ವೇಗವನ್ನು ಅಳಿಸುವ ಸಾಲು ಅಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ನಿಲ್ಲಿಸುವುದು ಹೇಗೆ? ಸಾಗುತ್ತಿರುವ ದಿಕ್ಕಿಗೆ ನೇರ ವಿರುದ್ಧವಾಗಿ ಮೂತಿ ತಿರುಗಿಸಿ, ಮೊದಲು ಎಷ್ಟು ಹೊತ್ತು ಥ್ರಸ್ಟ್ ಕೊಟ್ಟಿದ್ದಿರೋ ಅಷ್ಟೇ ಹೊತ್ತು ಕೊಡಬೇಕು. ಹೊಸಬರು ಎಡವುವುದು ಇಲ್ಲೇ. ಮೂತಿ ತಿರುಗಲು ಹಿಡಿಯುವ ಹೊತ್ತನ್ನು ಅವರು ಲೆಕ್ಕಕ್ಕೆ ಇಟ್ಟುಕೊಂಡಿರುವುದಿಲ್ಲ. ಅಷ್ಟರಲ್ಲಿ ನೌಕೆ ಅರ್ಧ ಪರದೆ ದಾಟಿರುತ್ತದೆ.

ಆದರೆ ಈ ತೊಂದರೆಯ ಜೊತೆಗೇ ದೊಡ್ಡದೊಂದು ಸವಲತ್ತೂ ಸಿಗುತ್ತದೆ. ಸಾಗುವ ದಿಕ್ಕಿಗೂ ಮೂತಿಯ ದಿಕ್ಕಿಗೂ ಸಂಬಂಧವಿಲ್ಲ. ನಿಮ್ಮ ತಮ್ಮ ಬೆನ್ನಟ್ಟಿ ಬರುತ್ತಿದ್ದಾನೆ ಎಂದುಕೊಳ್ಳಿ. ವೇಗ ಹಿಡಿದ ಮೇಲೆ ಬಟನ್ ಬಿಟ್ಟು, ಗಿರ್ರನೆ ಅವನ ಕಡೆ ತಿರುಗಿ. ಓಡುವುದು ನಿಲ್ಲದು, ಗುಂಡು ಮಾತ್ರ ಅವನ ಮೇಲೆ. ಇನ್ನೊಂದು ಸೂಕ್ಷ್ಮ: ಇಂಥ ಬಹಳಷ್ಟು ಆಟಗಳಲ್ಲಿ ಗುಂಡಿಗೆ ನೌಕೆಯ ವೇಗವೂ ಸೇರಿಕೊಳ್ಳುತ್ತದೆ. ನೀವು ಎಡಕ್ಕೆ ಜಾರುತ್ತಾ ಮೇಲಕ್ಕೆ ಗುರಿಯಿಟ್ಟರೆ ಗುಂಡು ಓರೆಯಾಗಿ ಎಡಮೇಲಕ್ಕೆ ಹೋಗುತ್ತದೆ. "ನೇರ ಗುರಿ ಇಟ್ಟಿದ್ದೆ, ತಾಗಲೇ ಇಲ್ಲ" ಎಂಬ ದೂರಿನ ಮೂಲ ಬಹುಪಾಲು ಇದೇ.

ಈ ಆಟದ ವಂಶ ಹುಡುಕಿಕೊಂಡು ಹೋದರೆ 1962ರ 'ಸ್ಪೇಸ್‌ವಾರ್!'ಗೆ ಬಂದು ನಿಲ್ಲುತ್ತೇವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿಗಾಗಿ ಬರೆದ ಆಟ. 18 ಬಿಟ್‌ಗಳ 4096 ಪದಗಳಷ್ಟು (ಇಂದಿನ ಲೆಕ್ಕದಲ್ಲಿ ಸುಮಾರು 9 ಕಿಲೋಬೈಟ್) ನೆನಪು, ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೂಡುವ ಲೆಕ್ಕ, ಆ ಯಂತ್ರದ ತಾಕತ್ತು ಇಷ್ಟೇ. ಸೂಜಿಯಂಥ ಒಂದು ನೌಕೆ, ಬೆಣೆಯಂಥ ಇನ್ನೊಂದು. ಮೊದಲಿಗೆ ನಡುವೆ ನಕ್ಷತ್ರ ಇರಲಿಲ್ಲ. ಅದನ್ನೂ ಅದರ ಗುರುತ್ವವನ್ನೂ ಸೇರಿಸಿದ್ದು ಆ ಗೆಳೆಯರಲ್ಲೊಬ್ಬರಾದ ಡ್ಯಾನ್ ಎಡ್ವರ್ಡ್ಸ್. ನನ್ನ ಪ್ರಕಾರ ಆಟ ನಿಜಕ್ಕೂ ಹುಟ್ಟಿದ್ದು ಆಗಲೇ. ನಕ್ಷತ್ರವಿಲ್ಲದ ಖಾಲಿ ಜಾಗದಲ್ಲಿ ಇಬ್ಬರೂ ಮೂಲೆ ಹಿಡಿದು ಕಾಯುತ್ತಾ ಕೂರಬಹುದು. ನಕ್ಷತ್ರ ಸುಮ್ಮನೆ ಕೂರಲು ಬಿಡುವುದಿಲ್ಲ, ಕೂತವರನ್ನು ಎಳೆದುಕೊಳ್ಳುತ್ತದೆ.

ಟಾರ್ಪಿಡೊಗಳಿಗೂ, ಅಂದರೆ ಆ ಆಟದ ಗುಂಡುಗಳಿಗೂ, ಗುರುತ್ವದ ಲೆಕ್ಕ ಹಾಕುವಷ್ಟು ಸಮಯ ಆ ಯಂತ್ರಕ್ಕೆ ಇರಲಿಲ್ಲ, ಹಾಗಾಗಿ ಅವು ನಕ್ಷತ್ರವನ್ನು ಲೆಕ್ಕಿಸದೆ ಸಾಗುತ್ತಿದ್ದವು. ನೈಜವಾಗಿರಲಿ ಎಂದು ರಸೆಲ್ ಒಮ್ಮೆ ಟಾರ್ಪಿಡೊಗಳ ಹಾದಿ ಸ್ವಲ್ಪ ಅತ್ತಿತ್ತ ತಪ್ಪುವಂತೆ ಮಾಡಿದ್ದರಂತೆ. ಆಟಗಾರರು ಒಪ್ಪಲಿಲ್ಲ, ತೆಗೆಯಬೇಕಾಯಿತು. ಬಟನ್ ಬಿಟ್ಟರೂ ಜಾರುತ್ತಲೇ ಹೋಗುವ ಜಡತ್ವವನ್ನು ಸಹಿಸಿಕೊಂಡವರು ಅದೃಷ್ಟದಾಟವನ್ನು ಸಹಿಸಲಿಲ್ಲ, ನೋಡಿ. ಜಡತ್ವ ಎಷ್ಟೇ ಕಾಡಿದರೂ ಇಬ್ಬರಿಗೂ ಒಂದೇ ಥರ ಕಾಡುತ್ತದೆ, ಅಭ್ಯಾಸಕ್ಕೆ ಬಗ್ಗುತ್ತದೆ.

ಪಕ್ಕಪಕ್ಕದಲ್ಲೇ ಕೂತು ಆಡುವುದರ ಮಜಾ ಮತ್ತು ತಲೆನೋವು ಎರಡೂ ಆಗಲೇ ಶುರುವಾಗಿದ್ದವು. ಮೊದಮೊದಲು ಕಂಪ್ಯೂಟರಿನ ಮೇಲಿನ ಸ್ವಿಚ್‌ಗಳನ್ನೇ ಒತ್ತಿ ಆಡುತ್ತಿದ್ದರು. ಪರದೆ ಇದ್ದದ್ದು ಒಂದು ಬದಿಗೆ, ಹಾಗಾಗಿ ಅದಕ್ಕೆ ಹತ್ತಿರ ಕೂತವನಿಗೆ ಅನುಕೂಲ. ಅದೇ ಗುಂಪಿನ ಅಲನ್ ಕೋಟಕ್ ಮತ್ತು ಬಾಬ್ ಸಾಂಡರ್ಸ್ ಬಿಡಿಭಾಗಗಳನ್ನು ಹೊಂದಿಸಿ ಇಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ ಮಾಡಿಕೊಟ್ಟರು. ಅದರಲ್ಲಿ ಟಾರ್ಪಿಡೊ ಗುಂಡಿಯನ್ನು ಸದ್ದು ಬಾರದಂತೆ ಇಟ್ಟಿದ್ದರು. ಟಕ್ ಎಂದರೆ ಪಕ್ಕದವನಿಗೆ ಸುಳಿವು ಸಿಕ್ಕಿಬಿಡುತ್ತದಲ್ಲ!

ಮುಂದೆ ಬಂದವರೆಲ್ಲ ಭೌತಶಾಸ್ತ್ರವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ. 1979ರ 'ಆಸ್ಟರಾಯ್ಡ್ಸ್'ನಲ್ಲಿ ಬಟನ್ ಬಿಟ್ಟರೆ ನೌಕೆ ಮೆಲ್ಲಗೆ ನಿಧಾನವಾಗುತ್ತದೆ. ಬಾಹ್ಯಾಕಾಶದಲ್ಲಿ ಹಾಗಾಗುವುದಿಲ್ಲ ಎಂದು ತಕರಾರು ತೆಗೆಯಬಹುದು, ಆದರೆ ಬಂಡೆಗಳ ನಡುವೆ ನುಸುಳುವ ಆ ಆಟಕ್ಕೆ ಅದು ಸರಿಯೇ. 1977ರ 'ಸ್ಪೇಸ್ ವಾರ್ಸ್' ಎಂಬ ನಾಣ್ಯದ ಯಂತ್ರ ಆಯ್ಕೆಯನ್ನು ಆಟಗಾರರಿಗೇ ಬಿಟ್ಟಿತ್ತು. ಗುರುತ್ವ ಬೇಡವೆನ್ನಬಹುದಿತ್ತು, ನಕ್ಷತ್ರ ಎಳೆಯುವ ಬದಲು ದೂರ ತಳ್ಳುವಂತೆಯೂ ಮಾಡಬಹುದಿತ್ತು. ನಿಮ್ಮ ಆಟದ ಸೆಟ್ಟಿಂಗ್ಸ್‌ನಲ್ಲೂ ಒಮ್ಮೆ ಹುಡುಕಿ ನೋಡಿ.

ಇನ್ನು ನಕ್ಷತ್ರಕ್ಕೆ ಬಿದ್ದು ಸಾಯುವ ವಿಚಾರ. ಆಟ ಶುರುವಾದಾಗ ನಿಂತಲ್ಲೇ ಇರುವ ನೌಕೆ ನೇರ ನಕ್ಷತ್ರದತ್ತ ಬೀಳತೊಡಗುತ್ತದೆ. ಆಗ ಹೆಚ್ಚಿನವರು ಗಾಬರಿಯಾಗಿ ನಕ್ಷತ್ರಕ್ಕೆ ಬೆನ್ನು ಹಾಕಿ ಥ್ರಸ್ಟ್ ಒತ್ತಿಹಿಡಿಯುತ್ತಾರೆ. ಇಂಧನ ಮುಗಿಯುತ್ತದೆ, ಎಳೆತ ಮುಗಿಯುವುದಿಲ್ಲ. ಅದರ ಬದಲು ಮೂತಿಯನ್ನು ನಕ್ಷತ್ರಕ್ಕೆ ಅಡ್ಡಲಾಗಿ ತಿರುಗಿಸಿ, ಒಂದು ಚಿಕ್ಕ ಥ್ರಸ್ಟ್ ಕೊಟ್ಟು ಬಿಡಿ. ನೌಕೆ ಬೀಳುತ್ತದೆ, ಆದರೆ ನಕ್ಷತ್ರದ ಪಕ್ಕದಿಂದ ತಪ್ಪಿಸಿಕೊಂಡು ಬೀಳುತ್ತದೆ. ಕಕ್ಷೆ ಎಂದರೆ ಅದೇ. ಸಾಕಷ್ಟು ತಪ್ಪದೆ ಇನ್ನೂ ತಾಗುತ್ತಿದೆ ಎಂದಾದರೆ ಥ್ರಸ್ಟನ್ನು ಚೂರು ಹೆಚ್ಚಿಸಿ.

ಇದು ಕೈಗೆ ಕೂತ ಮೇಲೆ ನಕ್ಷತ್ರವನ್ನೇ ಬಳಸಿಕೊಳ್ಳಬಹುದು. ತೀರಾ ಹತ್ತಿರ ಹಾಯುವ ಗಳಿಗೆಯಲ್ಲಿ ನೌಕೆಯ ವೇಗ ಅತಿ ಹೆಚ್ಚು. ಅಲ್ಲಿ ಸಾಗುತ್ತಿರುವ ದಿಕ್ಕಿಗೇ ಥ್ರಸ್ಟ್ ಕೊಟ್ಟರೆ, ಅದೇ ಒಂದು ಸೆಕೆಂಡಿನಲ್ಲಿ ನೌಕೆ ಹೆಚ್ಚು ದೂರ ಸಾಗುವುದರಿಂದ ಅಷ್ಟೇ ಇಂಧನಕ್ಕೆ ಹೆಚ್ಚು ಶಕ್ತಿ ದಕ್ಕುತ್ತದೆ. ಇದಕ್ಕೆ ಓಬರ್ತ್ ಪರಿಣಾಮ ಎನ್ನುತ್ತಾರೆ, ನಿಜವಾದ ವ್ಯೋಮನೌಕೆಗಳ ಪಥ ಯೋಜಿಸುವವರೂ ಬಳಸುವ ಉಪಾಯ. ತಮ್ಮ ಇನ್ನೊಂದು ಬದಿಯಲ್ಲಿ ನಿಮಗಾಗಿ ಕಾಯುತ್ತಿದ್ದರೆ, ಅವನು ಎಣಿಸಿದ್ದಕ್ಕಿಂತ ಮೊದಲೇ, ಮೂತಿಯನ್ನು ಅವನ ಕಡೆಗೇ ಇಟ್ಟುಕೊಂಡು ನೀವು ಅಲ್ಲಿರುತ್ತೀರಿ.