ಎಟಿಪಿಯನ್ನು ಒಡೆಯುವುದು ದೊಡ್ಡ ಮಾತಲ್ಲ

ಮಳೆಗಾಲದ ತೇವಕ್ಕೆ ಮಲ್ಪೆಯ ಉಪ್ಪುಮೀನಿನ ಮೇಲೆ ಕೆಲವೊಮ್ಮೆ ಕೆಂಪು ಬಣ್ಣ ಏರುತ್ತದೆ. ವ್ಯಾಪಾರಿಗೆ ಅದು ಮಾಲು ಕೆಟ್ಟ ಲಕ್ಷಣ. ಮಂಗಳೂರಿನಲ್ಲಿ ಜೀವರಸಾಯನ ವಿಜ್ಞಾನ ಕಲಿಸುವ ನನಗೆ ಅದು ಪಾಠದ ಸಾಮಗ್ರಿ. ಆ ಕೆಂಪಿಗೆ ಸಾಮಾನ್ಯವಾಗಿ ಕಾರಣ ಉಪ್ಪಿನಲ್ಲೇ ಬಾಳುವ ಹ್ಯಾಲೋಬ್ಯಾಕ್ಟೀರಿಯಂನಂಥ ಆರ್ಕಿಯಾಗಳು, ಅಂದರೆ ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಈ ಗುಂಪನ್ನು 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಗುರುತಿಸಿದರು.

ಆ ಪಾಠ ಶುರುವಾಗುವುದು ಎಟಿಪಿಯಿಂದ, ಅಂದರೆ ಜೀವಕೋಶಗಳು ಕೆಲಸಕ್ಕೆ ಖರ್ಚು ಮಾಡುವ, ಮೂರು ಫಾಸ್ಫೇಟುಗಳಿರುವ ಅಣುವಿನಿಂದ. ಅದರಲ್ಲಿ ಶಕ್ತಿ ತುಂಬಿದ ಬಂಧವಿದೆ, ಮುರಿದರೆ ಶಕ್ತಿ ಚಿಮ್ಮುತ್ತದೆ ಎಂದು ಪಿಯುಸಿ ಮುಗಿಸಿ ಬಂದವರೆಲ್ಲ ನಂಬಿರುತ್ತಾರೆ. ಆದರೆ ಬಂಧ ಮುರಿಯಲು ಶಕ್ತಿ ವ್ಯಯಿಸಬೇಕೇ ಹೊರತು ಅದರಿಂದ ಶಕ್ತಿ ಸಿಗುವುದಿಲ್ಲ. ನೀರಿನೊಡನೆ ಎಟಿಪಿ ಒಡೆಯುವ ಕ್ರಿಯೆ ಮುಗಿದಾಗ ಉಳಿಯುವ ಎಡಿಪಿ (ಒಂದು ಫಾಸ್ಫೇಟ್ ಕಳೆದುಕೊಂಡ ಎಟಿಪಿ) ಮತ್ತು ಬಿಡಿ ಫಾಸ್ಫೇಟ್ ನೀರಿನಲ್ಲಿ ಎಟಿಪಿಗಿಂತ ಸ್ಥಿರವಾಗಿರುತ್ತವೆ. ಲಾಭವಿರುವುದು ಆ ಅಂತರದಲ್ಲಿ, ಪ್ರಮಾಣಿತ ಸ್ಥಿತಿಯಲ್ಲಿ ಮೋಲ್‌ಗೆ ಸುಮಾರು 30 ಕಿಲೋಜೂಲ್. ಸುಮ್ಮನೆ ಒಡೆದರೆ ಅಷ್ಟೂ ಬಿಸಿಯಾಗಿ ಹೋಗುತ್ತದೆ, ಗಾಣಕ್ಕೆ ಕಟ್ಟದ ಎತ್ತು ಸುತ್ತಿದ ಹಾಗೆ. ಆದ್ದರಿಂದ ಎಟಿಪಿಯನ್ನು ಒಡೆಯುವ ಎಟಿಪೇಸ್ ಎಂಬ ಕಿಣ್ವದ ಜಾಣತನವಿರುವುದು ಒಡೆಯುವುದರಲ್ಲಿ ಅಲ್ಲ, ಕೆಲಸ ಕೂಡಿಬರುವವರೆಗೆ ಒಡೆಯದೆ ಹಿಡಿದಿಡುವುದರಲ್ಲಿ.

ಆರ್ಕಿಯಾಗಳ ಈಜುವ ಬಾಲವನ್ನೇ ನೋಡಿ. ಬ್ಯಾಕ್ಟೀರಿಯಾ ತನ್ನ ಬಾಲವನ್ನು ಪೊರೆಯ ಮೂಲಕ ಒಳಹರಿಯುವ ಅಯಾನುಗಳಿಂದ ತಿರುಗಿಸಿದರೆ, ಆರ್ಕಿಯಾ ನೇರವಾಗಿ ಎಟಿಪಿಯನ್ನೇ ಖರ್ಚು ಮಾಡುತ್ತದೆ. ಹ್ಯಾಲೋಬ್ಯಾಕ್ಟೀರಿಯಂನಲ್ಲಿ ಆ ಬಾಲ ಸೆಕೆಂಡಿಗೆ ಸುಮಾರು 20 ಸುತ್ತು ಹೊಡೆಯುತ್ತದೆ. ಅದನ್ನು ನಡೆಸುವ ಎಟಿಪೇಸ್ ಆರು ಘಟಕಗಳ ಉಂಗುರ. ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದಾದ ಗ್ಲೈಸಿನ್ ಹೆಚ್ಚಿರುವ ಒಂದು ಕುಣಿಕೆ ಎಟಿಪಿಯ ಫಾಸ್ಫೇಟುಗಳನ್ನು ಸುತ್ತುವರಿಯುತ್ತದೆ. ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಮತ್ತು ಮೆಗ್ನೀಸಿಯಂ ಅವುಗಳ ಋಣ ಆವೇಶವನ್ನು ತಣಿಸುತ್ತವೆ. ಗ್ಲುಟಮೇಟ್ ಎಂಬ ಮತ್ತೊಂದು ಅಮೈನೋ ಆಮ್ಲ ಒಂದು ನೀರಿನ ಅಣುವನ್ನು ಸರಿಯಾದ ಕೋನಕ್ಕೆ ತಿರುಗಿಸಿ ಕೊನೆಯ ಫಾಸ್ಫೇಟಿನ ಮೇಲೆ ಬಿಡುತ್ತದೆ. ಇಂಥ ಉಂಗುರಗಳಲ್ಲಿ ಅನೇಕ ಕಡೆ ಪಕ್ಕದ ಘಟಕದ ಆರ್ಜಿನಿನ್ ಎಂಬ ಅಮೈನೋ ಆಮ್ಲ ಕೂಡ ಚಾಚಿ ಬಂದು ಕೈಜೋಡಿಸಬೇಕು. ನೆರೆಯ ಘಟಕ ಸರಿಯಾದ ಜಾಗಕ್ಕೆ ಬಾರದಿದ್ದರೆ ಎಟಿಪಿ ಹಾಗೇ ಕುಳಿತಿರುತ್ತದೆ.

ಇನ್ನು ಉಪ್ಪಿನ ವಿಚಾರ. ಹ್ಯಾಲೋಬ್ಯಾಕ್ಟೀರಿಯಂನ ಒಳಗೆ ಲೀಟರಿಗೆ 4 ಮೋಲ್‌ನಷ್ಟು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಸುಮಾರು 300 ಗ್ರಾಂ. ಸಾಮಾನ್ಯ ಸಮುದ್ರದ ನೀರಿನಲ್ಲಿ ಎಲ್ಲ ಲವಣ ಸೇರಿ 35 ಗ್ರಾಂ ಆಸುಪಾಸು. ಹ್ಯಾಲೋಬ್ಯಾಕ್ಟೀರಿಯಂನ ಪ್ರೋಟೀನುಗಳ ಹೊರಮೈಯಲ್ಲಿ ಋಣ ಆವೇಶದ ಅಮೈನೋ ಆಮ್ಲಗಳಾದ ಆಸ್ಪಾರ್ಟೇಟ್, ಗ್ಲುಟಮೇಟ್‌ಗಳು ದಟ್ಟವಾಗಿರುವುದರಿಂದ ಆ ಉಪ್ಪಿನಲ್ಲೂ ಅವುಗಳ ಮಡಚಿದ ಆಕಾರ ಕೆಡುವುದಿಲ್ಲ. ಉಪ್ಪು ತೆಗೆದರೇ ಕೆಡುತ್ತದೆ.

ಪ್ರಯೋಗಾಲಯದಲ್ಲಿ ಪೇಚಾಟ ಶುರುವಾಗುವುದು ಇಲ್ಲಿಯೇ. ಒಡೆದ ಎಟಿಪಿಯಿಂದ ಬಿಡುಗಡೆಯಾದ ಫಾಸ್ಫೇಟನ್ನು ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣ ಮತ್ತು ಮಾಲಿಬ್ಡೇಟ್ ಎಂಬ ಲವಣ ಸೇರಿಸಿ ಅಳೆಯುತ್ತೇವೆ. ಹಳದಿ ದ್ರಾವಣ ಹಸಿರಿಗೆ ತಿರುಗುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಕ್ಕೆಂದು ಬರೆದ ವಿಧಾನವನ್ನೇ ಅನುಸರಿಸಿ ಉಪ್ಪು ಕಡಿಮೆ ಹಾಕಿದ ವಿದ್ಯಾರ್ಥಿಗೆ ಹಸಿರು ಕಾಣುವುದಿಲ್ಲ, ಕಿಣ್ವವೇ ಸತ್ತಿದೆ ಎಂದು ದೂರು ಬರುತ್ತದೆ. ಇನ್ನೊಬ್ಬರ ನಳಿಕೆ ಕಿಣ್ವ ಹಾಕುವ ಮೊದಲೇ ಹಸಿರು! ಗಾಜು ತೊಳೆದ ಮಾರ್ಜಕದ ಫಾಸ್ಫೇಟ್ ಅದು. ಜೊತೆಗೆ ಈ ಬಣ್ಣದ ದ್ರಾವಣ ಆಮ್ಲೀಯ. ಹೆಚ್ಚು ಹೊತ್ತು ಬಿಟ್ಟರೆ ಎಟಿಪಿ ತಾನಾಗಿಯೇ ಒಡೆಯುತ್ತದೆ. ಹಾಗಾಗಿ ಕಿಣ್ವವಿಲ್ಲದ ಒಂದು ನಳಿಕೆಯನ್ನು ಅದೇ ಉಪ್ಪಿನಲ್ಲಿ, ಅಷ್ಟೇ ಹೊತ್ತು ಇಟ್ಟು, ಅದರ ಅಳತೆಯನ್ನು ಕಳೆಯದೆ ತಂದ ಅಂಕಿಗೆ ನಾನು ಸಹಿ ಹಾಕುವುದಿಲ್ಲ.